ಪಿಸುಮಾತಿನಿಂದ ತಟ್ಟೆಯ ಸದ್ದಿನವರೆಗೆ

ಬೀದಿಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುವುದು. ಔಷಧಿ ಅಂಗಡಿಗೂ ಚಪ್ಪಲಿ ಹೊಲಿಯುವವನ ಮಳಿಗೆಗೂ ನಡುವೆ ಒಂದು ಶ್ರವಣಯಂತ್ರದ ಅಂಗಡಿಯಿದೆ, ಅಲ್ಲಿ ಅವಳಿಗೆ ಕೆಲಸ. ಬಂದವರ ಕಿವಿ ಎಷ್ಟು ಮಂದವೆಂದು ಅಳೆಯುವುದು, ಅದಕ್ಕೆ ತಕ್ಕ ಹಾಗೆ ಯಂತ್ರವನ್ನು ಹೊಂದಿಸಿ ಕಿವಿಗೆ ಕೂರಿಸುವುದು. ದಿನವಿಡೀ ಕಿವಿ ಕೇಳದವರ ಜೊತೆ ಏಗಿದರೂ ಅವಳು ದನಿ ಏರಿಸಿದ್ದನ್ನು ಯಾರೂ ಕಂಡಿಲ್ಲ. ಕೇಳಿದರೆ, "ಕೂಗಿದ್ರೆ ಅವರಿಗೆ ಅರ್ಥ ಆಗಲ್ಲ, ನೋವಾಗುತ್ತೆ ಅಷ್ಟೆ" ಎನ್ನುತ್ತಾಳೆ. ಕಿವುಡರ ಮುಂದೆ ಗಂಟಲು ಹರಿದುಕೊಳ್ಳುವ ನಾವು ನೀವೆಲ್ಲ ಈ ಮಾತನ್ನು ಸ್ವಲ್ಪ ಕಿವಿಗೆ ಹಾಕಿಕೊಳ್ಳಬೇಕು.

ಈ ವಿದ್ಯೆಯ ಅರ್ಧವನ್ನು ಅವಳು ಕಾಲೇಜಿನಲ್ಲಿ ಕಲಿತಳು. ಇನ್ನರ್ಧ ಅಪ್ಪನ ಅಂಗಡಿಯಲ್ಲಿ. ಅಪ್ಪನದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಮತ್ತು ರಿಪೇರಿ ಮಾಡುವ ವ್ಯಾಪಾರ. ಆಂಪ್ಲಿಫೈಯರ್ ರಿಪೇರಿಯಾದ ಮೇಲೆ ಅಪ್ಪ ಅದಕ್ಕೆ ಮೈಕ್ ಜೋಡಿಸುತ್ತಿರಲಿಲ್ಲ, ಹಾಡು ಹಾಕುತ್ತಿರಲಿಲ್ಲ. ಬರಿದೇ ಸ್ವಿಚ್ ಒತ್ತಿ ಸ್ಪೀಕರಿಗೆ ಕಿವಿಯಿಟ್ಟು ಕೂರುತ್ತಿದ್ದ. ಒಳಗಿನಿಂದ ಸಣ್ಣಗೆ ಸುಂಯ್ ಎನ್ನುವ ಸದ್ದು. ಮಗಳ ಕಿವಿಯನ್ನೂ ಅಲ್ಲಿಗೆ ಹಿಡಿದು, "ಇದು ನೆಲ ಕಣಮ್ಮ. ಯಾವ ಯಂತ್ರನೂ ಪೂರ್ತಿ ಬಾಯಿ ಮುಚ್ಕೊಂಡಿರಲ್ಲ. ಇದಕ್ಕಿಂತ ಸಣ್ಣ ಸದ್ದು ಬಂದ್ರೆ ಈ ಸುಂಯ್ ಒಳಗೇ ಮುಳುಗೋಗುತ್ತೆ" ಎನ್ನುತ್ತಿದ್ದ. ಆಮೇಲೆ ಒಂದು ಸ್ವರ ಕೊಟ್ಟು, ಅದನ್ನು ಏರಿಸುತ್ತ ಏರಿಸುತ್ತ, ಅಳೆಯುವ ಪೆಟ್ಟಿಗೆಯ ಪರದೆಯ ಮೇಲೆ ಕುಣಿಯುವ ಅಲೆಯ ತಲೆ ಚಪ್ಪಟೆಯಾಗುವ ತನಕ ಕಾಯುತ್ತಿದ್ದ. ಚಪ್ಪಟೆಯಾದ ಕೂಡಲೇ ಸ್ವರ ಕರ್ಕಶವಾಗುತ್ತಿತ್ತು. "ಇದು ಸೂರು. ಇದಕ್ಕಿಂತ ಎತ್ತರದೋರು ಬಂದ್ರೆ ತಲೆ ಬಡಿಯುತ್ತೆ."

ನೆಲದಿಂದ ಸೂರಿಗೆ ಎಷ್ಟು ಎತ್ತರ ಎನ್ನುವುದೇ ಆ ಯಂತ್ರದ ಯೋಗ್ಯತೆ. ಪುಸ್ತಕದವರು ಇದಕ್ಕೆ ಡೈನಾಮಿಕ್ ರೇಂಜ್ ಎಂದು ಹೆಸರಿಟ್ಟು ಒಂದು ಪುಟ ತುಂಬ ಸೂತ್ರ ಬರೆಯುತ್ತಾರೆ. ಅಪ್ಪನ ಪಾಠ ಒಂದೇ ಉಸಿರಿನದು.

"ಸುಂಯ್ ಎಷ್ಟಿದೆ?"

"ಒಂದು ಮಿಲಿವೋಲ್ಟು."

"ಸೂರು?"

"ಹತ್ತು ವೋಲ್ಟು."

"ದೊಡ್ಡದನ್ನ ಚಿಕ್ಕದ್ರಿಂದ ಭಾಗಿಸು."

"ಹತ್ತು ಸಾವಿರ."

"ಸೊನ್ನೆ ಎಣಿಸು, ಇಪ್ಪತ್ತರಿಂದ ಗುಣಿಸು."

"ನಾಲ್ಕಿಪ್ಪತ್ಲೆ ಎಂಬತ್ತು."

"ಎಂಬತ್ತು ಡೆಸಿಬೆಲ್. ಪರವಾಗಿಲ್ಲ, ಮರ್ಯಾದಸ್ಥ ಆಂಪ್ಲಿಫೈಯರು. ಒಯ್ದು ಆ ಕಡೆ ಇಡು."

ಸೊನ್ನೆಗಳು ಸರಿಯಾಗಿ ಕೂರದ ಲೆಕ್ಕಕ್ಕೆ ಲಾಗರಿದಮ್ ಬೇಕಾಗುತ್ತದೆ. ಅದನ್ನು ಅವಳು ಮುಂದೆ ಕಾಲೇಜಿನಲ್ಲಿ ಕಲಿತಳು. ಆದರೆ ಡೆಸಿಬೆಲ್ಲಿನ ಉಪಕಾರ ಏನೆಂದು ಅವಳಿಗೆ ಮೊದಲು ತಿಳಿದದ್ದು ಅಪ್ಪನ ಬೆಂಚಿನ ಮೇಲೆಯೇ. ಭಾಗಾಕಾರದ ದೊಡ್ಡ ದೊಡ್ಡ ಅಂಕಿಗಳೆಲ್ಲ ಅಲ್ಲಿ ಬರೀ ಕಳೆಯುವ ಲೆಕ್ಕವಾಗುತ್ತವೆ. ಸೂರಿನ ಅಂಕಿಯಿಂದ ನೆಲದ ಅಂಕಿ ಕಳೆದರೆ ಮುಗಿಯಿತು.

ಕಿವಿಯ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. ಕೇಳಿಸುವ ಅತಿ ಸಣ್ಣ ಸದ್ದು ಅದರ ನೆಲ, ನೋಯಿಸತೊಡಗುವ ಸದ್ದು ಅದರ ಸೂರು. ಒಳ್ಳೆಯ ಕಿವಿಯ ನೆಲ ಸೊನ್ನೆಯ ಹತ್ತಿರ ಇರುತ್ತದೆ, ಸೂರು ನೂರರ ಮೇಲೆ. ಕಿವಿ ಮಂದವಾದಾಗ ನೆಲ ಮೇಲೇಳುತ್ತದೆ, ಸೂರು ಮಾತ್ರ ಇದ್ದಲ್ಲೇ ಇರುತ್ತದೆ, ಕೆಲವರಿಗೆ ಇನ್ನೂ ಕೆಳಗಿಳಿಯುವುದೂ ಉಂಟು. ಅದಕ್ಕೇ ಕಿವುಡರು ಒಂದು ಗಳಿಗೆ "ಕೇಳ್ಸಲ್ಲ, ಜೋರಾಗಿ ಹೇಳು" ಎಂದು, ಮರುಗಳಿಗೆ "ಯಾಕಿಷ್ಟು ಕಿರುಚ್ತೀಯಾ" ಎಂದು ಸಿಡುಕುವುದು. ಅದು ಸಿಡುಕುತನವಲ್ಲ, ಪಾಪ, ಅವರಿಗೆ ಉಳಿದಿರುವ ಜಾಗವೇ ಅಷ್ಟು.

ಇಷ್ಟೆಲ್ಲ ಬಲ್ಲ ಕಿವಿಯಕ್ಕನ ಮನೆಯಲ್ಲಿ ಆಗಿದ್ದಾದರೂ ಏನು? ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಅವಳ ಮಾವ ಬಾಯ್ಲರ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬಾಯ್ಲರಿನ ಹೊಟ್ಟೆಯೊಳಗೆ ಕೂತು, ಹೊರಗಿನವನು ಸುತ್ತಿಗೆಯಲ್ಲಿ ಬಡಿಯುವಾಗ ತಗಡು ಜೋಡಿಸುವ ರಿವೆಟ್ ಮೊಳೆಯ ತಲೆಯನ್ನು ಒಳಗಿನಿಂದ ಅದುಮಿ ಹಿಡಿಯುವುದು ಅವರ ಕೆಲಸವಾಗಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ಅಲ್ಲಿ ಪುಕ್ಕಲ ಎಂದು ನಗುತ್ತಿದ್ದರಂತೆ. ಮಾತೆಲ್ಲ ಕಣ್ಣಲ್ಲಿ, ಕೈಯಲ್ಲಿ. ಬಾಯ್ಲರಿನ ತೆರೆದ ಬಾಯಿಯಿಂದ ಕಾಣುವ ಹೊರಗಿನವನ ಭುಜ ಅಲ್ಲಾಡಿದರೆ ಸಾಕು, ಸುತ್ತಿಗೆ ಎತ್ತಿದ ಎಂದು ಗೊತ್ತಾಗಬೇಕು, ಗೊತ್ತಾಗದಿದ್ದರೆ ಬೆರಳು ಉಳಿಯದು.

ಅತ್ತೆಯ ಬಂಡವಾಳ ದನಿ. ಅಡುಗೆಮನೆಯಲ್ಲಿ ನಿಂತು ಗಂಡನನ್ನು ಕೂಗಿದರೆ ಬೀದಿಯ ತುದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ, "ನನ್ನನ್ನಾ ಕರೆದದ್ದು?" ಎಂದು ವಿಚಾರಿಸಿದ್ದುಂಟು. ಗಂಡನಿಗೆ ಕಿವಿ ಮಂದ, ಹೆಂಡತಿಗೆ ಬಾಯಿ ಜೋರು, ಸಂಸಾರ ಸಾಗಿತು. ಅದು ಎಷ್ಟು ಚೆನ್ನಾಗಿ ಸಾಗಿತೆಂದರೆ ಮಾವನ ಕಿವಿ ಎಷ್ಟು ಹೋಗಿದೆ ಎಂದು ಮನೆಯಲ್ಲಿ ಯಾರಿಗೂ ತಿಳಿಯಲೇ ಇಲ್ಲ, ಸ್ವತಃ ಕಿವಿಯಕ್ಕನಿಗೂ.

ಹೋದ ವರ್ಷ ಅತ್ತೆಯ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು, ಗಂಟು ಹೋಯಿತು, ಜೀವಕ್ಕೆ ಏನೂ ತೊಂದರೆಯಾಗಲಿಲ್ಲ. ಆದರೆ ದನಿಯ ನರ ಆ ಗಂಟಿಗೇ ಅಂಟಿಕೊಂಡಿತ್ತು, ಉಳಿಸಲಾಗಲಿಲ್ಲ. ಎದ್ದು ಕೂತ ಅತ್ತೆಗೆ ಉಳಿದದ್ದು ಒಂದು ಪಿಸುಮಾತು. ಅಂಥ ಗಂಟಲಿನ ಹೆಂಗಸು, ಗಾಳಿಯೂದಿದ ಹಾಗೆ ಮಾತಾಡುವುದೆಂದರೆ ಅವರಿಗೆ ನಾಚಿಕೆ. ಕುತ್ತಿಗೆಯ ಗಾಯ ಮುಚ್ಚಲೆಂದು ಸುತ್ತಿಕೊಂಡ ಶಾಲನ್ನು ಬಾಯಿಯ ತನಕ ಎಳೆದುಕೊಳ್ಳುವ ಅಭ್ಯಾಸವಾಯಿತು. ಹೀಗಾಗಿ ಮಾವನಿಗೆ ತುಟಿಯೂ ಕಾಣದಾಯಿತು.

ಮಾವ ಒಂದು ದಿನವೂ ಕೇಳಿಸಲಿಲ್ಲ ಎಂದವರಲ್ಲ. "ಹೂಂ" ಎಂದರು. ಬಾಗಿಲು ಹಾಕಲಾ ತೆಗೆಯಲಾ ಎಂದರೂ ಹೂಂ, ಊಟ ಈಗಲೋ ಆಮೇಲೋ ಎಂದರೂ ಹೂಂ. ಯಾರಾದರೂ ಅನುಮಾನಪಟ್ಟರೆ ಮನೆ ಹಾರಿಹೋಗುವ ಹಾಗೆ ಗದರುತ್ತಿದ್ದರು. "ನನ್ನ ಕಿವಿ ನೆಟ್ಟಗೇ ಇದೆ. ನೀವೆಲ್ಲ ಮಾತಾಡೋದು ಬಿಟ್ಟು ಗೊಣಗೋದು ಕಲ್ತಿದೀರಿ."

ಡಾಕ್ಟರು ಇನ್ನೊಂದು ಆಪರೇಷನ್ ಮಾತೆತ್ತಿದರು. ಮಾಡಿಸಿದರೆ ದನಿ ಸ್ವಲ್ಪ ಮರಳಬಹುದು, ಮರಳದೆಯೂ ಇರಬಹುದು. ಈಗ ಇರುವುದೂ ಹೋಗುವ ಸಂಭವ ಕಡಿಮೆ, ಇಲ್ಲವೇ ಇಲ್ಲ ಎನ್ನುವ ಹಾಗಿಲ್ಲ. ಮನೆಯಲ್ಲಿ ಯೋಚಿಸಿ ಮುಂದಿನ ವಾರ ಹೇಳಿ ಎಂದು ಕಳಿಸಿದರು.

ಎರಡು ದಿನ ಕಳೆದ ಮೇಲೆ, ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಅತ್ತೆ ಸೊಸೆಯ ಹತ್ತಿರ ಬಂದು ನಿಂತರು.

"ಡಾಕ್ಟ್ರಿಗೆ ಆಯ್ತು ಅಂತ ಹೇಳ್ಬಿಡು" ಎಂದರು. ಒದ್ದೆ ಬಟ್ಟೆಗಳ ನಡುವೆ ಆ ದನಿ ಅವಳಿಗೇ ಕಷ್ಟಪಟ್ಟು ಕೇಳಿಸಿತು.

"ಧೈರ್ಯ ಬಂತಾ ಅತ್ತೆ?"

"ಧೈರ್ಯ ಎಲ್ಲಿಂದ ಬರುತ್ತೆ. ಮೊನ್ನೆ ಡಾಕ್ಟ್ರ ಹತ್ರದಿಂದ ಬಂದ ದಿನ ಇವರ ಪಕ್ಕ ಕೂತು ಹೇಳ್ದೆ, ನಂಗೆ ಭಯ ಆಗ್ತಿದೆ ಅಂತ. ಹೂಂ ಅಂದ್ರು. ಪೇಪರಿನ ಪುಟ ತಿರುವಿದ್ರು."

"ಅವರಿಗೆ ಕೇಳಿಸಿರಲ್ಲ ಅತ್ತೆ."

"ನಾನು ಮಾತಾಡಿದ್ದು ಇಷ್ಟು ವರ್ಷ ಕೇಳಿಸ್ತು, ಈಗ ಕೇಳಿಸಲ್ವಾ? ಕೇಳೋಕೆ ಮನಸ್ಸಿಲ್ಲ ಅನ್ನು." ಅತ್ತೆ ಒಂದು ಅಂಗಿಯನ್ನು ಝಾಡಿಸಿ ಹಗ್ಗಕ್ಕೆ ಹಾಕಿದರು. "ಯಾರಿಗೂ ಬೇಡದ ಪಿಸುಮಾತು ಇಟ್ಕೊಂಡು ಏನ್ ಮಾಡ್ಲಿ? ಇರೋದು ಹೋದ್ರೂ ಹೋಗ್ಲಿ."

"ನಾನು ಮಾವಂಗೆ ಹೇಳ್ಲಾ?"

"ಬೇಡ. ಗಂಡ ಹೆಂಡ್ತಿ ಮಧ್ಯೆ ತರ್ಜುಮೆ ಮಾಡೋರು ಬರಬಾರ್ದು."

ಕಿವಿಯಕ್ಕನಿಗೆ ಅಂದು ಊಟ ಸೇರಲಿಲ್ಲ. ಊರವರ ಕಿವಿ ಅಳೆಯುವ ತಾನು ಒಂದೇ ಸೂರಿನಡಿ ಇರುವ ಕಿವಿಯನ್ನು ಅಳೆಯಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಭಯಪಟ್ಟುಕೊಂಡೇ ಒಬ್ಬ ಹೆಂಗಸು, ಗಂಡ ಕೈಬಿಟ್ಟನೆಂಬ ಸಿಟ್ಟಿಗೆ, ಕತ್ತಿಗೆ ಕತ್ತು ಕೊಡಲು ಹೊರಟಿದ್ದರು. ವಾರದೊಳಗೆ ಆ ಪಿಸುಮಾತನ್ನು ಮಾವನ ಕಿವಿಗೆ ಮುಟ್ಟಿಸಬೇಕಿತ್ತು.

ಪರೀಕ್ಷೆಗೆ ಬನ್ನಿ ಎಂದರೆ ಮಾವ ಜಪ್ಪಯ್ಯ ಅಂದರೂ ಬರುವವರಲ್ಲ. ಅವಳೊಂದು ಉಪಾಯ ಹೂಡಿದಳು. "ಮಾವ, ಅಂಗಡಿಗೆ ಹೊಸ ಮಷೀನ್ ಬಂದಿದೆ. ಸರಿಯಾಗಿ ಕೆಲಸ ಮಾಡುತ್ತೋ ಇಲ್ವೋ ನೋಡ್ಬೇಕು, ಯಂತ್ರದ ಸ್ವಭಾವ ಗೊತ್ತಿರೋರು ಯಾರಾದ್ರೂ ಕೂತ್ರೆ ಒಳ್ಳೇದಿತ್ತು." ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು.

ಪರೀಕ್ಷೆಯ ಕೋಣೆ ಚಿಕ್ಕದು, ಗೋಡೆಗೆಲ್ಲ ದಪ್ಪ ಸ್ಪಂಜು, ಒಂದು ಗಾಜಿನ ಕಿಟಕಿ. ಕಿಟಕಿಯ ಆಚೆ ಕೂತು ಅವಳು ಸ್ವರ ಕಳಿಸುತ್ತಾಳೆ, ಈಚೆ ಕೂತವರು ಕೇಳಿಸಿದಾಗ ಕೈ ಎತ್ತಬೇಕು. ಕೂರುವವರ ಬೆನ್ನು ಕಿಟಕಿಯ ಕಡೆಗಿರಬೇಕು. ಇದು ಮೊದಲ ಪಾಠ. ಆದರೆ ಮಾವನಿಗೆ, ನನಗೆ ಬೆನ್ನು ತೋರಿಸಿಕೊಂಡು ಕೂರಿ ಎಂದು ಸೊಸೆ ಹೇಗೆ ಹೇಳುವುದು? ತಾನು ಅವರ ಬೆನ್ನ ಹಿಂದೆ ಕೂತು ಅಪ್ಪಣೆ ಕೊಡುವುದು ಹೇಗೆ? ಅವರು ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿಕೊಂಡು ಕಾಲಮೇಲೆ ಕಾಲು ಹಾಕಿದರು. ಅವಳು ಅವರಿಗೆ ಹೆಡ್‌ಫೋನ್ ತೊಡಿಸಿ ಕಿಟಕಿಯ ಆಚೆ ಹೋಗಿ ಕೂತಳು.

ಫಲಿತಾಂಶ ನೋಡಿ ಅವಳಿಗೇ ಆಶ್ಚರ್ಯವಾಯಿತು. ನಡುಸ್ವರಗಳಲ್ಲಿ ಮಾವನ ನೆಲ ನಲವತ್ತು. ಸದ್ದು ಏರಿಸುತ್ತ ಹೋಗಿ, ಸಹಿಸಲಾಗದಿದ್ದರೆ ಹೇಳಿ ಎಂದರೆ, ನೂರಹತ್ತಾದರೂ ಮಾವ ಕೈಬೀಸಿ "ಇನ್ನೂ ಜೋರು ಮಾಡಮ್ಮ" ಎಂದರು. ಎಪ್ಪತ್ತು ಡೆಸಿಬೆಲ್ಲಿನ ಜಾಗ. ಮನೆಯೊಳಗೆ ಬೇಕಾದದ್ದು ಮೂವತ್ತರಿಂದ ತೊಂಬತ್ತು, ಸಣ್ಣ ಪಿಸುಮಾತಿನಿಂದ ಹಿಡಿದು ತಟ್ಟೆ ಬಿದ್ದ ಸದ್ದಿನವರೆಗೆ, ಅಂದರೆ ಅರುವತ್ತೇ. ಎಪ್ಪತ್ತರ ಮನೆಯಲ್ಲಿ ಅರುವತ್ತರ ಸಾಮಾನು ಧಾರಾಳವಾಗಿ ಹಿಡಿಯುತ್ತದೆ. ಎಲ್ಲವನ್ನೂ ಒಂದೇ ಸಮ ಹತ್ತರಷ್ಟು ಮೇಲೆತ್ತಿದರೆ ಸಾಕು. ಅವಳು ಹಾಗೇ ಯಂತ್ರ ಹೊಂದಿಸಿ, "ಇದನ್ನೂ ಒಂದು ವಾರ ಹಾಕ್ಕೊಂಡು ಪರೀಕ್ಷೆ ಮಾಡಿ ಮಾವ" ಎಂದು ಅವರ ಕಿವಿಗೆ ಕೂರಿಸಿದಳು.

ಅಂದು ಸಂಜೆಯೇ ಅಡುಗೆಮನೆಯಲ್ಲಿ ಒಂದು ತಟ್ಟೆ ಜಾರಿ ಬಿತ್ತು. ಮಾವ ಕುರ್ಚಿಯಿಂದ ಎದ್ದೇಬಿಟ್ಟರು. ಯಂತ್ರವನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡವರು ಮುಖ ಗಂಟು ಹಾಕಿಕೊಂಡು ವರಾಂಡಕ್ಕೆ ಹೋದರು. ಅದಕ್ಕೆ ಮುಂಚೆ ಅತ್ತೆ, ಸೊಸೆಯ ಒತ್ತಾಯಕ್ಕೆ, ಫ್ಯಾನ್ ಆರಿಸಿ ಅವರ ಪಕ್ಕ ಕೂತು ಏನೋ ಹೇಳಿದ್ದರು. ಮಾವ ಹೂಂ ಎಂದಿದ್ದರು. ಹೇಳಿದ್ದೇನೆಂದರೆ, ನಿಮಗೆ ಚಹಾ ಬೇಕೋ ಕಾಫಿ ಬೇಕೋ ಎಂದು.

"ನೋಡಿದ್ಯಾ" ಎಂದರು ಅತ್ತೆ, ಬಿದ್ದ ತಟ್ಟೆ ಎತ್ತಿಡುತ್ತ. "ನಿನ್ನ ಮಷೀನಿಗೂ ಬೇಡವಾದೆ ನಾನು. ಸುಮ್ನೆ ಡಾಕ್ಟ್ರಿಗೆ ಫೋನ್ ಮಾಡು."

ನಲವತ್ತು ನೆಲವಾದರೆ ಅತ್ತೆಯ ಮಾತು ಕೇಳಿಸಲೇಬೇಕು. ನೂರಹತ್ತು ಸೂರಾದರೆ ತಟ್ಟೆಯ ಸದ್ದು ನೋಯಿಸಕೂಡದು. ಎರಡು ಕಡೆಯೂ ಲೆಕ್ಕ ಸುಳ್ಳಾಗಿತ್ತು. ಕಿವಿಯಕ್ಕ ಮೊದಲು ಯಂತ್ರವನ್ನೇ ಅನುಮಾನಿಸಿದಳು, ಅಪ್ಪನ ಮಗಳಲ್ಲವೇ. ಮರುದಿನ ಅದನ್ನು ಅಳತೆಯ ಪೆಟ್ಟಿಗೆಯಲ್ಲಿಟ್ಟು ಅದರ ಸುಂಯ್ ನೋಡಿದಳು, ತಲೆ ಚಪ್ಪಟೆಯಾಗುವ ಮಟ್ಟ ನೋಡಿದಳು. ಯಂತ್ರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಇನ್ನುಳಿದದ್ದು ಪರೀಕ್ಷೆಯ ಹೆಡ್‌ಫೋನು. ಅಂಗಡಿಯ ಯಜಮಾನಿಯನ್ನು ಕಿಟಕಿಯ ಆಚೆ ಕೂರಿಸಿ, ತಾನು ಮಾವ ಕೂತ ಕುರ್ಚಿಯಲ್ಲಿ, ಮಾವ ಕೂತ ಹಾಗೆಯೇ ಕೂತಳು.

"ನಾನು ಕೈ ಎತ್ತದಿದ್ರೂ ಇನ್ನೂ ಇಳಿಸ್ತಾ ಹೋಗಿ ಮೇಡಂ."

ಸ್ವರ ಸಣ್ಣದಾಗುತ್ತ ಹೋಗಿ ಇಲ್ಲವಾಯಿತು. ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಗಾಜಿನಾಚೆ ಯಜಮಾನಿಯವರ ಬಲಭುಜ, ಗುಂಡಿ ಒತ್ತಿದಾಗಲೆಲ್ಲ, ಕೂದಲೆಳೆಯಷ್ಟು ಏಳುತ್ತಿತ್ತು. ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಭುಜ ನೋಡಿ ಸುತ್ತಿಗೆಯೇಟು ಲೆಕ್ಕ ಹಾಕಿದ ಮನುಷ್ಯನನ್ನು ತಂದು, ಭುಜ ಕಾಣುವ ಹಾಗೆ ಕೂರಿಸಿ, ನಿಮಗೆ ಕೇಳುತ್ತದೆಯೇ ಎಂದು ಪರೀಕ್ಷಿಸಿದ್ದಳು. ಮಾವ ಮೋಸ ಮಾಡಿರಲಿಲ್ಲ. ಅವರಿಗೆ ಕೇಳುವುದೆಂದರೇ ಅದು. ಇನ್ನು ಸೂರಿನ ವಿಷಯ ಹೇಳಲೇಬೇಕಿಲ್ಲ. ಬಾಯ್ಲರಿನೊಳಗೆ ಕೂತವರು ಸೊಸೆಯ ಎದುರಿಗೆ ಸಾಕು ಎನ್ನುತ್ತಾರೆಯೇ? ಎರಡು ಕಡೆಯೂ ಅಂಕಿ ಕೆಡಿಸಿದ್ದು ಮರ್ಯಾದೆ, ಒಂದು ಕಡೆ ಅವರದು, ಇನ್ನೊಂದು ಕಡೆ ತನ್ನದು.

ಆ ರಾತ್ರಿ ಊಟವಾದ ಮೇಲೆ ಅವಳು ಮಾವನ ಎದುರು ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಹೇಳಿದಳು.

"ಮಾವ, ಮೊದಲಿನ ಅಳತೆ ನಾನೇ ತಪ್ಪಾಗಿ ತಗೊಂಡೆ. ಇನ್ನೊಂದು ಸಲ ಬರ್ಬೇಕು."

"ಮಷೀನ್ ಸರಿಯಿಲ್ಲ ಅನ್ನು."

"ಮಷೀನ್ ಸರಿ ಇದೆ. ಈ ಸಲ ಮಷೀನಿನ ಪರೀಕ್ಷೆ ಅಲ್ಲ. ಅತ್ತೆನೂ ಬರ್ತಾರೆ."

ಮಾವ ಹೆಂಡತಿಯ ಕಡೆ ನೋಡಿದರು. ಅತ್ತೆ ಶಾಲು ಮೂಗಿನ ತನಕ ಎಳೆದುಕೊಂಡು ಗೋಡೆ ನೋಡುತ್ತಿದ್ದರು. ಮಾವ ಆಗಲೂ ಹೂಂ ಎಂದರು, ಆದರೆ ಅದು ಕೇಳಿಸಿಕೊಂಡು ಹೇಳಿದ ಹೂಂ.

ಈ ಸಲ ಅವಳು ಕುರ್ಚಿಯನ್ನು ತಾನೇ ತಿರುಗಿಸಿ ಇಟ್ಟಳು, ಬೆನ್ನು ಕಿಟಕಿಗೆ. ಮಾವನ ಎದುರಿಗೆ ಒಂದು ಸ್ಟೂಲಿನ ಮೇಲೆ ಅತ್ತೆಯನ್ನು ಕೂರಿಸಿದಳು. ಶುರುವಿನಲ್ಲಿ ಬೇಕೆಂದೇ ಯಾವ ಸ್ವರವನ್ನೂ ಕಳಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾವ ಕೈ ಎತ್ತಿದರು. ಮತ್ತೊಮ್ಮೆ ಎತ್ತಿದರು. ಅತ್ತೆ ಗಾಜಿನ ಮೂಲಕ ಸೊಸೆಯ ಮುಖ ನೋಡಿದರು, ಸೊಸೆ ಇಲ್ಲವೆಂದು ತಲೆಯಾಡಿಸಿದಳು, ಅತ್ತೆ ಅದನ್ನೇ ಗಂಡನಿಗೆ ದಾಟಿಸಿದರು. ಶಾಲಿನ ಮೇಲೆ ಅವರ ಕಣ್ಣುಗಳು ನಗುತ್ತಿದ್ದವು. ಮಾವ ಎತ್ತಿದ ಕೈಯನ್ನು ಕಿವಿ ಕೆರೆಯಲು ಎತ್ತಿದವರ ಹಾಗೆ ಇಳಿಸಿಕೊಂಡರು. ಆಮೇಲೆ ಅವರು ಕಣ್ಣು ಮುಚ್ಚಿಕೊಂಡು ನಿಜವಾಗಿ ಕೇಳತೊಡಗಿದರು. ಕೈ ಬಹಳ ಹೊತ್ತು ಮಡಿಲಲ್ಲೇ ಉಳಿಯಿತು. ಎದ್ದಾಗ ಅಂಕಿ ಅರುವತ್ತು ಮುಟ್ಟಿತ್ತು.

ಸೂರಿನ ಸರದಿ ಬಂದಾಗ ಕಿವಿಯಕ್ಕ ಅತ್ತೆಯನ್ನು ಹೊರಗೆ ಕರೆದು ಕೇಳಿದಳು. "ಮಾವ ನೋವಾದ್ರೂ ಹೇಳಲ್ಲ. ಏನ್ ಮಾಡೋದು?"

"ಮುಖ ನೋಡಿದ್ರೆ ಗೊತ್ತಾಗಲ್ಲ" ಎಂದರು ಅತ್ತೆ. "ಕಾಲು ನೋಡ್ಬೇಕು. ಅಂಗೈ ಹರಿದು ಹೊಲಿಗೆ ಹಾಕುವಾಗ ನರ್ಸ್ ಹತ್ರ ನಗ್ತಾ ಮಾತಾಡ್ತಿದ್ರು, ಹೆಬ್ಬೆರಳು ಮಾತ್ರ ನೆಟ್ಟಗೆ ನಿಂತಿತ್ತು. ಚಪ್ಪಲಿ ಬಿಚ್ಚಿಸ್ತೀನಿ ಇರು."

ಮಾವನ ಚಪ್ಪಲಿ ಮೂಲೆ ಸೇರಿತು. ಅತ್ತೆ ಅವರ ಕಾಲಿನ ಮೇಲೆ ಕಣ್ಣಿಟ್ಟು ಕಾಯುತ್ತ ಕೂತರು. ಸ್ವರ ಎಂಬತ್ತಕ್ಕೆ ಏರಿತು, ಎಂಬತ್ತೈದಕ್ಕೆ ಏರಿತು. ಮಾವ "ಇನ್ನೂ ಜೋರು" ಎನ್ನುತ್ತಲೇ ಇದ್ದರು. ತೊಂಬತ್ತು ದಾಟಿದ ಕೂಡಲೇ ಬಲಗಾಲಿನ ಹೆಬ್ಬೆರಳು ನೆಲ ಬಿಟ್ಟು ಎದ್ದು ನಿಂತಿತು. ಅತ್ತೆ ಥಟ್ಟನೆ ಅಂಗೈ ತೋರಿಸಿದರು, ಸಾಕು.

"ನಂಗೇನೂ ಆಗಿಲ್ಲ" ಎಂದರು ಮಾವ.

ಅತ್ತೆ ಬಗ್ಗಿ ಆ ಹೆಬ್ಬೆರಳನ್ನು ಹಿಡಿದು ಕೆಳಗಿಳಿಸಿದರು.

ಅರುವತ್ತರಿಂದ ತೊಂಬತ್ತು. ಕಳೆದರೆ ಮೂವತ್ತು. ಕಿವಿಯಕ್ಕ ಅಂಕಿಗಳನ್ನು ದೊಡ್ಡದಾಗಿ ಬರೆದು ಇಬ್ಬರ ಮುಂದೆ ಇಟ್ಟಳು. "ಹೊರಗಿನ ಸದ್ದಿಗೆ ಅರುವತ್ತರ ಜಾಗ ಬೇಕು ಮಾವ. ನಿಮ್ಮ ಕಿವಿಯಲ್ಲಿ ಉಳಿದಿರೋದು ಮೂವತ್ತು."

ಮಾವ ಆ ಕಾಗದವನ್ನು ಬಹಳ ಹೊತ್ತು ನೋಡಿದರು. "ಅಷ್ಟೇನಾ?" ಎಂದು ಕೇಳಿದರು. ಅಷ್ಟೇ ಎಂದು ಅವಳು ಅಂಕಿಯ ಕೆಳಗೆ ಗೆರೆ ಎಳೆದಳು.

"ಹಾಸಿಗೆ ಇದ್ದಷ್ಟು ಕಾಲು ಚಾಚೋದು" ಎಂದರು ಅತ್ತೆ ಸೊಸೆಯ ಕಿವಿಯಲ್ಲಿ. "ಏನಾಗುತ್ತೋ ಅದನ್ನ ಮಾಡು."

ಮಾಡುವುದು ಇಷ್ಟೇ. ಅರುವತ್ತನ್ನು ಮೂವತ್ತರಲ್ಲಿ ಹಿಡಿಸಬೇಕಾದರೆ ಎಲ್ಲವನ್ನೂ ಅರ್ಧಕ್ಕೆ ಮಡಚಬೇಕು. ಹೊರಗೆ ಎರಡು ಏರಿದರೆ ಒಳಗೆ ಒಂದೇ ಏರಬೇಕು. ಅತಿ ಸಣ್ಣ ಸದ್ದಿಗೆ ಮೂವತ್ತರಷ್ಟು ಎತ್ತುವಿಕೆ, ಸಾಧಾರಣ ಮಾತಿಗೆ ಹದಿನೈದು, ತಟ್ಟೆಯ ಸದ್ದಿಗೆ ಏನೂ ಇಲ್ಲ, ಇದ್ದ ಹಾಗೇ ಒಳಗೆ ಬಿಡುವುದು. ಅತ್ತೆಯನ್ನು ಮೇಜಿನ ಈಚೆ ಕೂರಿಸಿ ಮಾತಾಡಿಸಿ ಅವಳು ಅವರ ದನಿಯನ್ನೂ ಅಳೆದಳು. ನಲವತ್ತಕ್ಕೆ ಒಂದೆರಡು ಕಡಿಮೆ. ಹೊಸ ಲೆಕ್ಕದಲ್ಲಿ ಅದು ಅರುವತ್ತನಾಲ್ಕರ ಹತ್ತಿರ ಬರುತ್ತದೆ. ನೆಲದಿಂದ ನಾಲ್ಕೇ ಬೆರಳು ಮೇಲೆ.

"ಪುಕ್ಕಟೆ ಏನೂ ಸಿಗಲ್ಲ ಮಾವ" ಎಂದು ಅವಳು ಮೊದಲೇ ಎಚ್ಚರಿಸಿದಳು. "ಸಣ್ಣದನ್ನೆಲ್ಲ ಎತ್ತಿದ್ರೆ ಬೇಡದ ಸಣ್ಣ ಸದ್ದೂ ಏಳುತ್ತೆ. ಫ್ಯಾನು, ಬಟ್ಟೆ, ಕುರ್ಚಿ, ಎಲ್ಲಾ ಮಾತಾಡುತ್ತೆ. ಅತ್ತೆ ಹತ್ರ ಮಾತಾಡುವಾಗ ಫ್ಯಾನ್ ಆರಿಸಿ, ಪಕ್ಕದಲ್ಲೇ ಕೂರ್ಬೇಕು."

ಯಂತ್ರ ಕಿವಿಗೆ ಕೂತಿತು. ಮಾವ ಮೊದಲು ಅಂಗಿಯ ತೋಳು ನೋಡಿಕೊಂಡರು, ಆಮೇಲೆ ತಲೆ ಎತ್ತಿ ಮೂಲೆಯ ಕಂಪ್ಯೂಟರನ್ನು ದಿಟ್ಟಿಸಿದರು. "ಇದೇನು ಇಷ್ಟು ಗಲಾಟೆ" ಎಂದರು. ಅವಳು ಬೇಕೆಂದೇ ಮನೆಯಿಂದ ತಂದಿದ್ದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಹೆಬ್ಬೆರಳು ಏಳಲಿಲ್ಲ.

ಅತ್ತೆ ಸ್ಟೂಲಿನಿಂದ ಎದ್ದು ಗಂಡನ ಬೆನ್ನ ಹಿಂದೆ ಹೋಗಿ ನಿಂತರು. ಅವರನ್ನು ನಂಬಿಸುವುದು ಅಷ್ಟು ಸುಲಭವಿರಲಿಲ್ಲ.

"ಕಾಲರ್ ಒಂದು ಕಡೆ ಮಡಚಿದೆ" ಎಂದರು.

ಮಾವನ ಕೈ ಕತ್ತಿನ ಹಿಂದಕ್ಕೆ ಹೋಗಿ ಕಾಲರನ್ನು ಸರಿಮಾಡಿತು. ಸರಿಮಾಡಿದ ಮೇಲೆ ಅಲ್ಲೇ ನಿಂತಿತು. ಅತ್ತೆ ಶಾಲನ್ನು ಬಾಯಿಂದ ಕೆಳಗಿಳಿಸಿದರು.

"ನಂಗೆ ಭಯ ಆಗ್ತಿದೆ" ಎಂದರು, ಅದೇ ದನಿಯಲ್ಲಿ.

ಮಾವ ಕುರ್ಚಿಯಲ್ಲೇ ಹಿಂದೆ ತಿರುಗಿದರು. "ಯಾಕೆ?"

"ಆಪರೇಷನ್‌ಗೆ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀವು ಪೇಪರ್ ಓದ್ತಿದ್ರಿ. ಹೂಂ ಅಂದ್ರಿ."

ಕಿವಿಯಕ್ಕನಿಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಬಾಗಿಲು ಅವರಿಬ್ಬರ ಆಚೆಗಿತ್ತು. ಅವಳು ಪರದೆಯ ಕಡೆ ತಿರುಗಿ, ಮುಗಿದುಹೋದ ಲೆಕ್ಕವನ್ನೇ ಮತ್ತೊಮ್ಮೆ ಮಾಡುವವಳ ಹಾಗೆ ಕೂತಳು. ಕಣ್ಣು ತುಂಬಿ ಅಂಕಿ ಕಾಣುತ್ತಿರಲಿಲ್ಲ.

"ಕೇಳಿಸಿರ್ಲಿಲ್ಲ ಕಣೇ" ಎಂದರು ಮಾವ. "ಎಷ್ಟೋ ವರ್ಷದಿಂದ ಯಾರು ಮಾತಾಡಿದ್ರೂ ಸರಿಯಾಗಿ ಕೇಳ್ಸಲ್ಲ. ಮನೇಲಿ ನಿಂದೊಂದೇ ದನಿ ಕೇಳ್ತಿದ್ದಿದ್ದು. ಅದೂ ಹೋದ ಮೇಲೆ, ಮನೇಲಿ ಯಾರೂ ಇಲ್ವೇನೋ ಅನ್ನಿಸ್ತಿತ್ತು."

ಅತ್ತೆ ಸ್ಟೂಲನ್ನು ಅವರ ಕುರ್ಚಿಯ ಪಕ್ಕಕ್ಕೇ ಎಳೆದುಕೊಂಡು ಕೂತರು.

"ಹಾಗಾದ್ರೆ ಡಾಕ್ಟ್ರಿಗೆ ಬೇಡ ಅಂತ ಹೇಳ್ತೀನಿ."

"ಹೇಳು. ನಂಗಿಷ್ಟು ಸಾಕು" ಎಂದರು ಮಾವ. ಬದುಕಿಡೀ ಗದರಿ ಮಾತಾಡಿದ ಮನುಷ್ಯ, ಅವರೂ ಪಿಸುದನಿಯಲ್ಲೇ ಹೇಳಿದರು.